ಬಳ್ಳಾರಿಯ ಗುಡ್ಡವನ್ನೇರುವವರಿಗೆ

ಶಿಖರಾರೋಹಣವೆಂದೊಡನೆ ಹಿಮಾಲಯವೋ, ರಾಷ್ಟ್ರೀಯ ಉದ್ಯಾನದೊಳಗಿನ 1894 ಮೀಟರು ಎತ್ತರದ ಕುದುರೆಮುಖವೋ ನೆನಪಾಗುವುದು ಸಹಜ. ಬಳ್ಳಾರಿಯವರಿಗಾದರೋ ಗುಡ್ಡ ಊರ ನಡುವೆಯೇ ನಿಂತಿದೆ. ಹನುಮಪ್ಪ ನಾಯಕನು ಅದರ ನೆತ್ತಿಯಲ್ಲಿ ಕಟ್ಟಿಸಿದ ಕೋಟೆಗೆ ಬುಡದಲ್ಲಿ ಇನ್ನೊಂದು ಸುತ್ತನ್ನು ಸೇರಿಸಿದವನು ಹೈದರಾಲಿ. ಎದುರಿನ ಕುಂಬಾರಗುಡ್ಡವು ಇದಕ್ಕಿಂತ ಎತ್ತರವೆಂದು ತಡವಾಗಿ ತಿಳಿದು, ಕೆಲಸ ನಡೆಸಿದ ಫ್ರೆಂಚ್ ಇಂಜಿನಿಯರನನ್ನು ಆತನು ಗಲ್ಲಿಗೇರಿಸಿದನೆಂದು ಐತಿಹ್ಯವುಂಟು. ಬುಡದಲ್ಲಿ ನಿಂತ ಕಣ್ಣಿಗೆ ಎತ್ತರದ ಅಂದಾಜು ಅಷ್ಟು ಸುಲಭವಾಗಿ ತಪ್ಪುತ್ತದೆ!

ಇಂದು ಏರುವವರಿಗೆ ಬಿಸಿಲೇ ಶತ್ರು. ಹೊತ್ತೇರಿದಂತೆ ಬಂಡೆ ಕಾದ ಹೆಂಚಾಗುತ್ತದೆ, ನೆರಳು ವಿರಳ. ಸಿರುಗುಪ್ಪದ ಗದ್ದೆಬಯಲಿನಿಂದ ಬಂದವರಾಗಲಿ, ಕುರುಗೋಡಿನ ಬೆಟ್ಟ ಹತ್ತಿ ಪಳಗಿದವರಾಗಲಿ, ನಸುಕಿನಲ್ಲೇ ಹೊರಡುವುದು ಲೇಸು. ಕುಡಿಯುವ ನೀರು ಜೊತೆಗಿರಲಿ. ಹತ್ತುವಾಗ ಆಯಾಸವಾದರೆ ಕುಳಿತುಕೊಳ್ಳಬಹುದು. ಇಳಿಯುವಾಗ ಕಾಲು ಜಾರಿದರೆ ತಡೆಯುವವರಿಲ್ಲ. ಮಕ್ಕಳ ಕೈಯನ್ನು ಆಗಲೇ ಬಿಗಿಯಾಗಿ ಹಿಡಿಯಬೇಕು.