ಚಾಂದನಿ ಚೌಕದಲ್ಲಿ ಮೂರು ತಾಸು

ಮಗಳನ್ನು ಕಾಲೇಜಿಗೆ ಸೇರಿಸಲು ಹಾವೇರಿ ಜಿಲ್ಲೆಯ ಹಳ್ಳಿಯೊಂದರಿಂದ ದೆಹಲಿಗೆ ಬಂದಿದ್ದ ತಾಯಿಗೆ ಎರಡೇ ಚಿಂತೆ. ಒಂದು, ಈ ದೊಡ್ಡ ಊರಿನಲ್ಲಿ ಹುಡುಗಿ ಒಬ್ಬಳೇ ಹೇಗೆ ಓಡಾಡುತ್ತಾಳೆ? ಇನ್ನೊಂದು, ಏನು ತಿನ್ನುತ್ತಾಳೆ? ಪ್ರವೇಶದ ಕೆಲಸವೆಲ್ಲ ಮುಗಿದಿತ್ತು. ಹಾಸ್ಟೆಲಿನಲ್ಲಿ ಕೋಣೆಯೂ ಸಿಕ್ಕಿತ್ತು. ಊರಿಗೆ ಮರಳುವ ರೈಲಿಗೆ ಇನ್ನೂ ಒಂದು ದಿನವಿತ್ತು. ಮನೆಯಿಂದ ಕಟ್ಟಿಕೊಂಡು ತಂದಿದ್ದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಾತ್ರ ಮುಗಿಯುತ್ತ ಬಂದಿದ್ದವು.

'ಇವು ಮುಗದ ಮ್ಯಾಲ ಏನ್ ಮಾಡ್ತೀಯವಾ? ಹೊರಗಿಂದು ತಿಂದು ಹೊಟ್ಟಿ ಕೆಟ್ರ ಯಾರು ನೋಡ್ಕೋತಾರ?' ಎಂಬ ತಾಯಿಯ ಪ್ರಶ್ನೆಗೆ ಮಗಳು ಬಾಯಿಮಾತಿನ ಉತ್ತರ ಕೊಡಲಿಲ್ಲ. ಮರುದಿನ ಬೆಳಿಗ್ಗೆ ಹಳೇ ದೆಹಲಿಯಲ್ಲಿ ನಡೆಯುವ 'ಆಹಾರ ನಡಿಗೆ'ಗೆ ಇಬ್ಬರ ಹೆಸರನ್ನೂ ಬರೆಸಿದಳು.

ಆಹಾರ ನಡಿಗೆ ಎಂದರೆ ಬೇರೇನೂ ಅಲ್ಲ. ಊರು ಬಲ್ಲ ಮಾರ್ಗದರ್ಶಿಯೊಬ್ಬರು ಏಳೆಂಟು ಮಂದಿಯ ಗುಂಪನ್ನು ಕರೆದುಕೊಂಡು ಕಾಲ್ನಡಿಗೆಯಲ್ಲೇ ಸುತ್ತಿಸುತ್ತಾರೆ. ಐದಾರು ಕಡೆ ನಿಲ್ಲಿಸಿ, ಅಲ್ಲಿನ ತಿನಿಸನ್ನು ಸ್ವಲ್ಪ ಸ್ವಲ್ಪವೇ ತಿನ್ನಿಸಿ, ಅದರ ಹಿಂದಿನ ಕತೆ ಹೇಳುತ್ತಾರೆ. ಜಗತ್ತಿನ ಅನೇಕ ಹಳೆಯ ನಗರಗಳಲ್ಲಿ ಇಂಥ ನಡಿಗೆಗಳಿವೆ. ನಮ್ಮ ದೇಶದಲ್ಲಿ ಅದಕ್ಕೆ ಹಳೇ ದೆಹಲಿಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ರಾಜಕುಮಾರಿ ಕಟ್ಟಿಸಿದ ಪೇಟೆ

ಮೊಗಲ್ ಚಕ್ರವರ್ತಿ ಷಾಜಹಾನ್ ತನ್ನ ಹೊಸ ರಾಜಧಾನಿ ಷಾಜಹಾನಾಬಾದಿಗೆ ಅಡಿಪಾಯ ಹಾಕಿಸಿದ್ದು 1639ರಲ್ಲಿ. ಅದರ ಮುಖ್ಯ ಪೇಟೆಯಾದ ಚಾಂದನಿ ಚೌಕವನ್ನು ರೂಪಿಸಿದವಳು ಅವನ ಮಗಳು ಜಹನಾರಾ. ಚೌಕದ ನಡುವಿನ ಕೊಳದಲ್ಲಿ ಬೆಳದಿಂಗಳು ಹೊಳೆಯುತ್ತಿದ್ದುದರಿಂದ ಈ ಹೆಸರು ಬಂತು ಎನ್ನುತ್ತಾರೆ. ಇಂದು ಕೊಳವಿಲ್ಲ. ಕೆಂಪುಕೋಟೆಯಿಂದ ಫತೇಪುರಿ ಮಸೀದಿಯವರೆಗೆ ಸುಮಾರು 1.3 ಕಿಲೋಮೀಟರ್ ಉದ್ದದ ಬೀದಿ ಇದೆ. 2021ರಲ್ಲಿ ಈ ಬೀದಿಯನ್ನು ಹೊಸದಾಗಿ ಅಣಿಗೊಳಿಸಿ, ಹಗಲಿನಲ್ಲಿ ಮೋಟಾರು ವಾಹನಗಳನ್ನು ನಿಷೇಧಿಸಲಾಯಿತು. ನಡೆಯುವವರಿಗೆ ಅದೇ ದೊಡ್ಡ ಉಪಕಾರ.

ಬೀದಿಯ ಆರಂಭದಲ್ಲೇ ಜೈನರ ಲಾಲ್ ಮಂದಿರ, ಅದರ ಪಕ್ಕ ಗೌರಿಶಂಕರ ದೇವಾಲಯ. ಸ್ವಲ್ಪ ಮುಂದೆ ಬ್ಯಾಪ್ಟಿಸ್ಟ್ ಚರ್ಚು, ಶೀಶ್‌ಗಂಜ್ ಗುರುದ್ವಾರ, ಅದಕ್ಕೆ ಅಂಟಿಕೊಂಡಂತೆ ಸುನೆಹರಿ ಮಸೀದಿ. ಒಂದೇ ಬೀದಿಯಲ್ಲಿ ಇಷ್ಟು ಬಗೆಯ ಜನ ಶತಮಾನಗಳಿಂದ ಬಾಳಿದ್ದಾರೆ. ಇಲ್ಲಿನ ಅಡುಗೆಯಲ್ಲಿ ಇಷ್ಟೊಂದು ವೈವಿಧ್ಯ ಇರುವುದಕ್ಕೆ ಇದೇ ಕಾರಣ.

ಅಂದಿನ ಮಾರ್ಗದರ್ಶಿ ಇಪ್ಪತ್ತೈದರ ಆಸುಪಾಸಿನ ಯುವತಿ. ಹೊರಡುವ ಮೊದಲೇ ಆಕೆ ಪ್ರತಿಯೊಬ್ಬರನ್ನೂ ಕೇಳಿದ್ದು: ಯಾರು ಸಸ್ಯಾಹಾರಿಗಳು, ಯಾರಿಗೆ ಶೇಂಗಾ, ಹಾಲು ಒಗ್ಗುವುದಿಲ್ಲ, ಯಾರಿಗೆ ಸಕ್ಕರೆ ಕಾಯಿಲೆ ಇದೆ ಎಂದು. ಆ ಪ್ರಶ್ನೆ ಕೇಳಿದ ಮೇಲೆ ತಾಯಿಯ ಮುಖ ಸ್ವಲ್ಪ ಸಡಿಲವಾಯಿತು.

ಮೊದಲ ನಿಲುಗಡೆ ದರೀಬಾ ಕಲಾನ್ ಗಲ್ಲಿಯ ಮೂಲೆಯಲ್ಲಿ, 1884ರಿಂದ ಇರುವ ಜಿಲೇಬಿ ಅಂಗಡಿ. ನಮ್ಮ ಕಡೆಯ ಎಳೆಯಂಥ ಜಿಲೇಬಿ ಅಲ್ಲ, ಬೆರಳು ಗಾತ್ರದ್ದು. ತುಪ್ಪದಲ್ಲಿ ಕರಿದು ನೇರ ಪಾಕಕ್ಕೆ ಬೀಳುತ್ತದೆ. ಒಬ್ಬರಿಗೆ ಒಂದೇ ಸಾಕು ಎಂದು ಯುವತಿ ಮೊದಲೇ ತಡೆದಳು. ಆರು ಕಡೆ ತಿನ್ನಬೇಕಾದವರು ಮೊದಲನೆಯದರಲ್ಲೇ ಹೊಟ್ಟೆ ತುಂಬಿಸಿಕೊಂಡರೆ ಹೇಗೆ?

ಗುರುದ್ವಾರದ ಪಂಕ್ತಿ

ಗುರು ತೇಗ್ ಬಹಾದ್ದೂರರು 1675ರಲ್ಲಿ ಪ್ರಾಣ ತೆತ್ತ ಸ್ಥಳದಲ್ಲಿ ಶೀಶ್‌ಗಂಜ್ ಗುರುದ್ವಾರ ನಿಂತಿದೆ. ಒಳಗೆ ಹೋಗುವವರು ಚಪ್ಪಲಿ ಬಿಟ್ಟು, ಕಾಲು ತೊಳೆದು, ತಲೆಗೆ ಬಟ್ಟೆ ಹಾಕಿಕೊಳ್ಳಬೇಕು. ಲಂಗರಿನಲ್ಲಿ ನೆಲದ ಮೇಲೆ ಸಾಲಾಗಿ ಕೂರಬೇಕು. ರೊಟ್ಟಿಯನ್ನು ಎರಡೂ ಕೈ ಒಡ್ಡಿ ಪಡೆಯಬೇಕು. ಬೇಕಾದಷ್ಟೇ ಹಾಕಿಸಿಕೊಳ್ಳಬೇಕು, ತಟ್ಟೆಯಲ್ಲಿ ಬಿಡಬಾರದು. ಹಣ ಕೇಳುವವರಿಲ್ಲ, ಜಾತಿ ಕೇಳುವವರಿಲ್ಲ.

ಒಂದು ಪಕ್ಕದಲ್ಲಿ ಕೂಲಿಯವನು, ಇನ್ನೊಂದು ಪಕ್ಕದಲ್ಲಿ ರೇಷ್ಮೆ ಸೀರೆಯ ಅಜ್ಜಿ. ನಡುವೆ ಕುಳಿತ ತಾಯಿ ದಾಲ್ ರೊಟ್ಟಿ ಉಂಡು, 'ನಮ್ಮ ಮಠದಾಗಿನ ದಾಸೋಹ ಇದ್ದಂಗೈತಲ್ಲ' ಎಂದರು. ಕೈಯಲ್ಲಿ ದುಡ್ಡಿಲ್ಲದ ದಿನವೂ ಈ ಊರಿನಲ್ಲಿ ಮಗಳು ಹಸಿದು ಮಲಗಬೇಕಾಗಿಲ್ಲ ಎಂಬುದು ಅವರಿಗೆ ಅಲ್ಲಿ ತಿಳಿಯಿತು.

ಅಲ್ಲಿಂದ ಕೆಲವೇ ಹೆಜ್ಜೆಗೆ ದಹಿ ಭಲ್ಲೆಯ ಪುಟ್ಟ ಅಂಗಡಿ. ಉದ್ದಿನ ವಡೆಯ ಮೇಲೆ ಗಟ್ಟಿ ಮೊಸರು, ಹುಣಸೆಹಣ್ಣಿನ ಸಿಹಿ ಚಟ್ನಿ. ಹೆಸರು ಬೇರೆ, ವಸ್ತು ನಮ್ಮ ಮೊಸರುವಡೆಯೇ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಹಾಲಿನಲ್ಲಿ ನೆನೆಸಿದ ವಡೆಯ ಪ್ರಸ್ತಾಪವಿದೆ. ಚಾಂದನಿ ಚೌಕ ಹುಟ್ಟುವ ಐನೂರು ವರ್ಷ ಮೊದಲೇ ಇಂದಿನ ಬೀದರ್ ಜಿಲ್ಲೆಯ ಅಡುಗೆಮನೆಗೆ ಇದರ ನಂಟು ಇತ್ತು ಎಂದಾಯಿತು. ಪರಾಠೆವಾಲಿ ಗಲ್ಲಿಯದು ಇನ್ನೊಂದು ಸೋಜಿಗ. ಅಲ್ಲಿ ಪರಾಠವನ್ನು ಹಂಚಿನ ಮೇಲೆ ಬೇಯಿಸುವುದಿಲ್ಲ, ಬಾಣಲೆಯಲ್ಲಿ ಕರಿಯುತ್ತಾರೆ. ಈರುಳ್ಳಿ, ಬೆಳ್ಳುಳ್ಳಿ ಮುಟ್ಟದ ಅಡುಗೆ ಅದು.

ಮೆಣಸಿನಕಾಯಿ ಮೂಟೆಯ ಮುಂದೆ

ಫತೇಪುರಿ ಮಸೀದಿ ದಾಟಿದರೆ ಖಾರಿ ಬಾವಲಿ. ದೇಶದ ಅತಿ ದೊಡ್ಡ ಮಸಾಲೆ ಪೇಟೆಗಳಲ್ಲಿ ಒಂದು. ಗುಂಪಿನವರೆಲ್ಲ ಘಾಟಿಗೆ ಕೆಮ್ಮುತ್ತ, ಸೀನುತ್ತ ಕರವಸ್ತ್ರ ಹುಡುಕುತ್ತಿದ್ದರೆ ಒಬ್ಬ ತಾಯಿ ಮಾತ್ರ ನಿಶ್ಚಿಂತರಾಗಿ ನಿಂತಿದ್ದರು. ಮೂಟೆಯಿಂದ ಒಂದು ಮೆಣಸಿನಕಾಯಿ ಎತ್ತಿ, ಮುರಿದು, ಮೂಸಿ ನೋಡಿದರು.

'ಇದು ನಮ್ಮ ಬ್ಯಾಡಗಿ ಕಾಯಿ ನೋಡು. ಇದು ಕಡ್ಡಿ. ಆಕಡೆ ಗಿಡ್ಡಕ ದಪ್ಪಗ ಐತಲ್ಲ, ಅದು ಡಬ್ಬಿ.'

ಮಗಳು ಹಿಂದಿಯಲ್ಲಿ ಹೇಳಿದಳು. ಮಾರ್ಗದರ್ಶಿ ಯುವತಿ ಮಾತು ನಿಲ್ಲಿಸಿ, 'ಆಂಟೀಜಿ, ಇನ್ನಷ್ಟು ಹೇಳಿ' ಎಂದಳು. ಮೈಯೆಲ್ಲ ಸುಕ್ಕು, ಬಣ್ಣ ಹೆಚ್ಚು, ಖಾರ ಕಡಿಮೆ. ಅದೇ ಇದರ ಗುರುತು ಎಂದು ತಾಯಿ ವಿವರಿಸಿದರು. 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಈ ಕಾಯಿಯ ಬಗ್ಗೆ ಐದು ನಿಮಿಷ ಪಾಠ ನಡೆಯಿತು. ಅಂಗಡಿಯವನೂ ಕಿವಿಗೊಟ್ಟ. ಮೆಣಸಿನಕಾಯಿಯೇ ಪೋರ್ಚುಗೀಸರ ಹಡಗಿನಲ್ಲಿ ಅಮೆರಿಕದ ಕಡೆಯಿಂದ ನಮ್ಮ ದೇಶಕ್ಕೆ ಬಂದದ್ದು ಎಂದು ಯುವತಿ ಸೇರಿಸಿದಾಗ ತಾಯಿ ನಕ್ಕರು. ಅಷ್ಟು ದೂರದಿಂದ ಬಂದದ್ದು ಬ್ಯಾಡಗಿಯ ಮಣ್ಣಿಗೆ ಒಗ್ಗಿಕೊಂಡಿತಲ್ಲ!

ಪಾಲಕರು ತಿಳಿದಿರಬೇಕಾದದ್ದು

ಹೊಸ ಊರಿಗೆ ಓದಲು ಹೋಗುವ ಮಕ್ಕಳಿಗೆ ಮೊದಲ ವಾರದಲ್ಲೇ ಇಂಥ ಒಂದು ನಡಿಗೆ ಮಾಡಿಸುವುದು ಒಳ್ಳೆಯದು. ರುಚಿಗಿಂತ ಹೆಚ್ಚಾಗಿ, ಎಲ್ಲಿ ತಿನ್ನಬೇಕು, ಎಲ್ಲಿ ಬಿಡಬೇಕು ಎಂಬ ವಿವೇಕ ಅದರಿಂದ ಬರುತ್ತದೆ. ಅಂದು ಆ ಯುವತಿ ಹೇಳಿಕೊಟ್ಟ ಪಾಠಗಳು ಯಾವ ಊರಿಗೂ ಸಲ್ಲುತ್ತವೆ.

ಕಣ್ಣೆದುರೇ ಒಲೆಯಿಂದ ಇಳಿದ ಬಿಸಿ ತಿನಿಸನ್ನೇ ಆರಿಸಬೇಕು. ಊರಿನ ಜನ, ಅದರಲ್ಲೂ ಮನೆಮಂದಿ ಬಂದು ತಿನ್ನುವ ಅಂಗಡಿ ನಂಬಿಕೆಗೆ ಅರ್ಹ. ಗಿರಾಕಿ ಹೆಚ್ಚಿದ್ದಲ್ಲಿ ಹಳಸಿದ್ದು ಉಳಿಯುವುದಿಲ್ಲ. ಮಳೆಗಾಲದಲ್ಲಿ ಕತ್ತರಿಸಿಟ್ಟ ಹಣ್ಣು, ಹಸಿ ಚಟ್ನಿ, ಐಸು ಹಾಕಿದ ಪಾನೀಯ ಬೇಡ. ನೀರು ಜೊತೆಯಲ್ಲೇ ಇರಲಿ. ಅಂಗಡಿಯಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಸಂಖ್ಯೆ ತೂಗುಹಾಕಿದೆಯೇ ಎಂದು ನೋಡುವ ಅಭ್ಯಾಸ ಇರಲಿ. ಕೈಯಲ್ಲಿ ಚಿಲ್ಲರೆ ಇರಬೇಕು, ಚೀಲ ಮುಂದೆ ಇರಬೇಕು. ಫೋಟೋ ತೆಗೆಯುವ ಮುನ್ನ ಕೇಳಬೇಕು. ತಿನಿಸು ಮಾಡುವವನೂ ಮರ್ಯಾದೆಯುಳ್ಳ ಮನುಷ್ಯನೇ.

ನಡಿಗೆಗೆ ಹೆಸರು ಬರೆಸುವಾಗ ಗುಂಪಿನಲ್ಲಿ ಎಷ್ಟು ಜನ, ಎಷ್ಟು ದೂರ ನಡಿಗೆ, ತಿನಿಸಿನ ಹಣ ಶುಲ್ಕದಲ್ಲೇ ಸೇರಿದೆಯೇ ಎಂಬುದನ್ನು ಮೊದಲೇ ಕೇಳಿಕೊಳ್ಳಬೇಕು. ಶುಲ್ಕ ಹೆಚ್ಚೆನಿಸಿದರೆ ಅದೇ ಊರಿನಲ್ಲಿ ಓದುತ್ತಿರುವ ಹಿರಿಯ ವಿದ್ಯಾರ್ಥಿಯೊಬ್ಬರನ್ನು ಕರೆದುಕೊಂಡು ಹೋದರೂ ಆದೀತು.

ಮಧ್ಯಾಹ್ನ ಒಂದು ಗಂಟೆಗೆ ಮೆಟ್ರೊ ನಿಲ್ದಾಣದ ಬಳಿ ಗುಂಪು ಚದುರಿತು. ತಾಯಿ ಮಾತ್ರ ಹೊರಡದೆ ಕೈಚೀಲ ಬಿಚ್ಚಿದರು. ಉಳಿದಿದ್ದ ಎರಡು ಖಡಕ್ ರೊಟ್ಟಿಯನ್ನೂ ಕಾಗದದಲ್ಲಿ ಕಟ್ಟಿದ್ದ ಚಟ್ನಿಯನ್ನೂ ಮಾರ್ಗದರ್ಶಿಯ ಕೈಗಿಟ್ಟರು. ಮಗಳ ಪಾಲಿಗೆಂದು ಎರಡು ದಿನದಿಂದ ಎತ್ತಿಟ್ಟಿದ್ದ ರೊಟ್ಟಿ ಅದು.

'ಇದನ್ನು ಹೇಗೆ ತಿನ್ನಬೇಕು?' ಎಂದು ಯುವತಿ ಕೇಳಿದಳು.

'ಮುರದು ತಿನ್ನವಾ, ಹಲ್ಲು ಗಟ್ಟಿ ಇರಬೇಕಷ್ಟ' ಎಂದರು ತಾಯಿ. ಈ ಸಲ ಮಗಳು ಹಿಂದಿಯಲ್ಲಿ ಹೇಳಬೇಕಾಗಲಿಲ್ಲ. ಯುವತಿ ಅಷ್ಟರಲ್ಲೇ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಿದ್ದಳು.