ಜಿಯೊಲೈಟಿನ ಅಂಕಣಗಳೂ ಹೈಡ್ರೊಕಾರ್ಬನ್ನಿನ ಅಣುಗಳೂ

ಕಲಬುರಗಿಯ ಕೋಟೆಯೊಳಗಣ ಜಾಮಿ ಮಸೀದಿಯು 1367ರಲ್ಲಿ ನಿರ್ಮಿತವಾದುದು. ಅದರಲ್ಲಿ ತೆರೆದ ಅಂಗಳವಿಲ್ಲ. ಗುಮ್ಮಟಗಳು ಒಂದನ್ನೊಂದು ಹೊಂದಿ ಇಡಿಯ ಆವರಣವನ್ನೇ ಮುಚ್ಚಿರುವುವು. ಒಳಹೊಕ್ಕವನು ಒಂದು ಅಂಕಣದಿಂದ ಮುಂದಿನ ಅಂಕಣಕ್ಕೆ ಕಮಾನಿನ ಕೆಳಗೇ ಸಾಗಬೇಕು. ಜಿಯೊಲೈಟೆಂಬ ಖನಿಜದ ಒಳರಚನೆಗೆ ಇದಕ್ಕಿಂತ ಒಳ್ಳೆಯ ನಿದರ್ಶನವು ಈ ಸೀಮೆಯಲ್ಲಿ ದೊರೆಯಲಾರದು.

ಖನಿಜವೂ ಪರಕೀಯವಲ್ಲ. ಕಲಬುರಗಿ, ಕಮಲಾಪುರಗಳ ಕಡೆಯ ಕರಿಶಿಲೆಯು ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಹರಿದ ದಖ್ಖನಿನ ಲಾವಾಹಾಸಿಗೆ ಸೇರಿದುದು. ಆ ಹಾಸಿನ ಗುಳ್ಳೆಗಳಲ್ಲಿ ಬೆಳೆದ ಜಿಯೊಲೈಟಿನ ಹರಳುಗಳಿಗೆ ಪುಣೆ, ನಾಸಿಕ ಪ್ರಾಂತಗಳು ಪ್ರಸಿದ್ಧವಾಗಿವೆ. 1756ರಲ್ಲಿ ಸ್ವೀಡನ್ನಿನ ಕ್ರೋನ್‌ಸ್ಟೆಟ್ಟನು ಇಂತಹ ಕಲ್ಲನ್ನು ಕಾಯಿಸಲು, ಅದು ನೀರಾವಿಯನ್ನುಗುಳಿ ನೊರೆಯುಕ್ಕಿಸಿತು. ಗ್ರೀಕ್ ಭಾಷೆಯಲ್ಲಿ ‘ಕುದಿಯುವ ಕಲ್ಲು’ ಎಂದೇ ಹೆಸರಾಯಿತು.

ಸಿಲಿಕಾನ್, ಅಲ್ಯೂಮಿನಿಯಂ, ಆಮ್ಲಜನಕಗಳ ಪರಮಾಣುಗಳು ಹೆಣೆದುಕೊಂಡು ಈ ಅಂಕಣಗಳಾಗಿರುವುವು. ವೈ ಎಂಬ ಕೃತಕ ಜಿಯೊಲೈಟಿನಲ್ಲಿ ಅಂಕಣದ ವ್ಯಾಸವು ಸುಮಾರು 12 ಆಂಗ್‌ಸ್ಟ್ರಾಂ, ಕಿಂಡಿಯದು ಸುಮಾರು 7.4, ಸೆಂಟಿಮೀಟರಿನ ಹತ್ತುಕೋಟಿಯ ಒಂದು ಪಾಲೇ ಆಂಗ್‌ಸ್ಟ್ರಾಂ. ಒಳಸೇರಿದ ಹೈಡ್ರೊಕಾರ್ಬನ್ ಅಣುವು ಗೋಡೆಯ ಸೆಳೆತಕ್ಕೆ ಸಿಕ್ಕಿ ಅಂಟಿ ನಿಲ್ಲುವುದೇ ಅಧಿಶೋಷಣ. ವಸ್ತುವಿನ ಮೈಯೆಲ್ಲ ಬೆರೆತುಹೋಗುವ ಶೋಷಣವು ಬೇರೆ. ಎರಡಕ್ಕೂ ‘ಹೀರಿಕೆ’ ಎಂಬ ಒಂದೇ ಮಾತನ್ನು ಬಳಸಿದರೆ ಭೇದವೇ ಅಳಿಯುವುದು.

ಅಣುವು ಎಲ್ಲಿ ನಿಂತಿತು, ಹೇಗೆ ನಡೆಯಿತು ಎಂಬುದನ್ನು ಕಣ್ಣಿನಿಂದ ಕಾಣಲಾಗದು. ಆದುದರಿಂದ ವಿಜ್ಞಾನಿಗಳು ಗಣಕಯಂತ್ರದಲ್ಲಿ ಅದರ ಅನುಕರಣವನ್ನು ರಚಿಸುವರು. ಮಾಂಟೆ ಕಾರ್ಲೊ ವಿಧಾನದಲ್ಲಿ ಅಣುವನ್ನು ಮನಬಂದಂತೆ ಸರಿಸಿ, ಶಕ್ತಿಯ ಲೆಕ್ಕಕ್ಕೆ ಒಪ್ಪಿದ ನೆಲೆಗಳನ್ನು ಉಳಿಸಿಕೊಳ್ಳುವುದು. ಅಣುಚಲನ ವಿಧಾನದಲ್ಲಿ ನ್ಯೂಟನ್ನನ ನಿಯಮದಂತೆ ಅದನ್ನು ಕ್ಷಣಕ್ಷಣವೂ ನಡೆಯಿಸುವುದು. ವೈ ಜಿಯೊಲೈಟಿನೊಳಗೆ ಮೀಥೇನಿನ ನೆಲೆ, ಶಕ್ತಿ, ಚಲನೆಗಳನ್ನು ಹೀಗೆ ಗಣಿಸಿ ಯಶೋನಾಥರು ಥಾಮಸ್, ನೊವಾಕ್, ಚೀತಂ ಇವರೊಡನೆ 1988ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು.

ಬಳಿಕ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅವರೂ ಸಾಂತಿಕಾರಿಯವರೂ ನಡೆಸಿದ ಗಣನೆಯಿಂದ ಒಂದು ವಿಚಿತ್ರವು ಹೊರಬಿದ್ದಿತು. 1994ರ ಅವರ ಲೇಖನದಲ್ಲಿ ಅದರ ವಿವರವಿದೆ. ಅಣು ದೊಡ್ಡದಾದಷ್ಟೂ ಕಿಂಡಿಯಲ್ಲಿ ನುಸುಳುವುದು ನಿಧಾನವಾಗಬೇಕೆಂಬುದು ಸಹಜವಾದ ಎಣಿಕೆ. ಮೊದಮೊದಲು ಹಾಗೆಯೇ ಆಗುವುದು. ಆದರೆ ಅಣುವಿನ ಗಾತ್ರವು ಕಿಂಡಿಯ ಗಾತ್ರಕ್ಕೆ ಸಮೀಪಿಸುತ್ತಲೇ ವೇಗವು ಹೆಚ್ಚುವುದು! ಕಾರಣವಿಷ್ಟೆ: ಸಣ್ಣ ಅಣುವು ಒಂದು ಬದಿಯ ಗೋಡೆಗೆ ಒರಗಿ ಸೆರೆಯಾಗುವುದು, ಕಿಂಡಿಯಷ್ಟೇ ಅಗಲದ ಅಣುವನ್ನಾದರೋ ಸುತ್ತಲ ಗೋಡೆಯು ಎಲ್ಲ ಕಡೆಯಿಂದಲೂ ಸಮನಾಗಿ ಎಳೆಯುವುದರಿಂದ ಎಳೆತಗಳು ಪರಸ್ಪರ ರದ್ದಾಗುವುವು. ಇದಕ್ಕೆ ‘ಲೆವಿಟೇಷನ್ ಪರಿಣಾಮ’ವೆಂದು ಹೆಸರು. ಅಷ್ಟಸಿದ್ಧಿಗಳಲ್ಲೊಂದಾದ ‘ಲಘಿಮೆ’ಯನ್ನು ಕನ್ನಡದಲ್ಲಿ ಇದಕ್ಕೆ ಬಳಸಿದರೆ ತಪ್ಪಾಗದು.

ಗಣಕದ ಮಾತನ್ನು ಪ್ರಯೋಗವು ಒಪ್ಪಬೇಕಷ್ಟೆ. ಪೆಂಟೇನಿನ ಮೂರು ರೂಪಗಳಿಗೆ ತೂಕವೊಂದೇ, ಆಕಾರಗಳು ಮಾತ್ರ ಬೇರೆ: ಒಂದು ನೀಳವಾದ ಸರಪಳಿ, ಇನ್ನೊಂದು ಕವಲೊಡೆದುದು, ನಿಯೊಪೆಂಟೇನ್ ಉಂಡೆಯಂತಹುದು. ಬೋರಾ, ಜೋಬಿಕ್, ಯಶೋನಾಥರು 2010ರಲ್ಲಿ ಪ್ರಕಟಿಸಿದ ನ್ಯೂಟ್ರಾನ್ ಚದರಿಕೆಯ ಅಳತೆಗಳಲ್ಲಿ, ಸುಮಾರು 27 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ, ಸೋಡಿಯಂಯುಕ್ತ ವೈ ಜಿಯೊಲೈಟಿನೊಳಗೆ ನೀಳವಾದ ಅಣುವಿಗಿಂತ ಕವಲಿನ ಅಣುಗಳೇ ವೇಗವಾಗಿ ಚಲಿಸಿದುವು. ಕಿಂಡಿಯ ಬಳಿ ನೀಳ ಅಣುವಿಗೆ ಶಕ್ತಿಯ ತಡೆಯುಂಟು, ನಿಯೊಪೆಂಟೇನಿಗಿಲ್ಲ ಎಂದು ಗಣನೆಯೂ ತೋರಿಸಿತು. ಕಿಂಡಿ ಇದಕ್ಕಿಂತ ಬಹಳ ಕಿರಿದಾದ ಜಿಯೊಲೈಟಿನಲ್ಲಿ ಈ ತಾರತಮ್ಯವು ತಲೆಕೆಳಗಾಗುವುದು. ಅಲ್ಲಿ ಉಂಡೆಯಂತಹ ಅಣುವಿಗೆ ಪ್ರವೇಶವೇ ಇರದು.