ಹಳೆಯ ಧ್ವನಿವರ್ಧಕಕ್ಕೆ ಹೊಸ ಬಟ್ಟೆ

ಶಾಲೆಯ ಹಳೆಯ ಮರದ ಸ್ಪೀಕರ್ ಪೆಟ್ಟಿಗೆಯ ಮುಂಬದಿಯ ಬಟ್ಟೆ ಹರಿದರೆ, ಕೈಗೆ ಸಿಕ್ಕ ದಪ್ಪ ಬಟ್ಟೆಯನ್ನು ನಾವು ಹೊದಿಸಿಬಿಡುತ್ತೇವೆ. ಅದರಿಂದ ಕೆಡುವುದು ನುಡಿಯ ಸ್ಪಷ್ಟತೆ. ಸಕಾರ, ಶಕಾರಗಳನ್ನು ಬೇರ್ಪಡಿಸುವ ಸದ್ದು ಬಹುಮಟ್ಟಿಗೆ 2,500 ಹರ್ಟ್ಸ್‌ಗಿಂತ ಮೇಲಿನ ಕಂಪನಗಳಲ್ಲಿದೆ. ಒತ್ತಾಗಿ ನೇಯ್ದ ಬಟ್ಟೆ ಮೊದಲು ತಡೆಯುವುದು ಅವನ್ನೇ. ಬೀದಿಯಲ್ಲಿ ಅನ್ಯಭಾಷೆಯನ್ನೇ ಹೆಚ್ಚು ಕೇಳುವ ಗಡಿನಾಡಿನ ನಮ್ಮ ಮಕ್ಕಳಿಗೆ, ಧ್ವನಿಮುದ್ರಿತ ಪಾಠದಲ್ಲಿ ‘ಸಾಲು’, ‘ಶಾಲು’ ಒಂದೇ ಆಗಿ ಕೇಳಿಸಬಾರದು.

ಬಟ್ಟೆಯನ್ನು ಆರಿಸುವುದು ಸುಲಭ: ಬಾಯಿಗೆ ಹಿಡಿದು ಊದಿದರೆ ಉಸಿರು ಸರಾಗವಾಗಿ ದಾಟಬೇಕು. ವಿದ್ಯುತ್ ಸಂಪರ್ಕ ತಪ್ಪಿಸಿ, ಚೌಕಟ್ಟನ್ನು ಬಿಚ್ಚಿ, ಹಳೆಯ ಬಟ್ಟೆಯನ್ನೂ ಮೊಳೆಗಳನ್ನೂ ತೆಗೆಯೋಣ. ಕಾಗದದ ಕೋನ್‌ಗೆ ಬೆರಳು ತಾಗದಿರಲಿ. ಹೊಸ ಬಟ್ಟೆಯನ್ನು ಸುತ್ತಲೂ ಎರಡು ಅಂಗುಲ ಹೆಚ್ಚಾಗಿ ಕತ್ತರಿಸಿ, ಎದುರುಬದುರು ಬದಿಗಳ ನಡುವಿನಿಂದ ಮೂಲೆಗಳತ್ತ ಬಿಗಿಯಾಗಿ ಎಳೆಯುತ್ತ, ಚೌಕಟ್ಟಿನ ಹಿಂಬದಿಗೆ ಪಿನ್ನು ಹೊಡೆಯೋಣ. ಸಡಿಲವಾದರೆ ಬಟ್ಟೆಯೇ ಅದುರುತ್ತದೆ.

ಕಬ್ಬಿಣದ ಜಾಲರಿಯಾದರೆ ತುಕ್ಕನ್ನು ಪೆಟ್ಟಿಗೆಯಿಂದ ದೂರದಲ್ಲಿ ಉಜ್ಜಬೇಕು. ಇಲ್ಲವಾದರೆ ಆ ಪುಡಿಯನ್ನು ಸ್ಪೀಕರಿನ ಅಯಸ್ಕಾಂತ ಸೆಳೆದುಕೊಳ್ಳುತ್ತದೆ. ರಂಧ್ರಗಳು ಮುಚ್ಚದಂತೆ ಬಣ್ಣವನ್ನು ತೆಳುವಾಗಿ ಬಳಿಯಬೇಕು.

ಕೊನೆಯಲ್ಲಿ ಆ ಎರಡು ಪದಗಳನ್ನು ಧ್ವನಿಮುದ್ರಿಸಿ ಕೇಳಿಸೋಣ. ಹಿಂದಿನ ಬೆಂಚಿನ ಮಗು ಅವನ್ನು ಬೇರೆಬೇರೆಯಾಗಿ ಬರೆದರೆ ನಾವು ಆರಿಸಿದ ಬಟ್ಟೆ ಸರಿಯಾದುದೆಂದು ತಿಳಿಯಬಹುದು.